ನಿದಾನಶಲ್ಯವೂ ನೆರೆಯವನ ತೋಟವೂ

ವ್ರತಿಯಾದವನು ಶಲ್ಯರಹಿತನಾಗಿರಬೇಕೆಂದು ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ವಿಧಿಸಿರುವುದು ವಾಚಕರಿಗೆ ವಿದಿತವೇ ಇದೆ. ಶಲ್ಯವೆಂದರೆ ಮೈಯೊಳಗೆ ಮುರಿದು ಉಳಿದ ಬಾಣದ ಮೊನೆ. ಮೇಲಿನ ಗಾಯ ಮಾಯ್ದರೂ ಒಳಗೆ ಅದು ಕೀವುಗಟ್ಟುತ್ತಲೇ ಇರುತ್ತದೆ. ಮಾಯಾ, ಮಿಥ್ಯಾತ್ವ, ನಿದಾನ ಎಂದು ಶಲ್ಯಗಳು ಮೂರು. ಮೊದಲೆರಡರ ವಿಚಾರವನ್ನು ಪ್ರವಚನಗಳಲ್ಲಿ ಬೇಕಾದಷ್ಟು ಕೇಳುತ್ತೇವೆ. ಮೂರನೆಯದನ್ನು ಮಾತ್ರ, ತಪಸ್ಸಿನ ಫಲವಾಗಿ ಭೋಗವನ್ನು ಬಯಸುವುದು ಎಂದು ಒಂದೇ ವಾಕ್ಯದಲ್ಲಿ ಮುಗಿಸಿ ಮುಂದೆ ಹೋಗುವುದು ವಾಡಿಕೆಯಾಗಿದೆ. (ಅಚ್ಚುಕೂಟದವರು ಈ ಶಬ್ದವನ್ನು 'ನಿಧಾನ'ವೆಂದು ತಿದ್ದಿಬಿಡುವುದುಂಟು, ನಿಧಾನವಾಗಿದ್ದರೆ ಚಿಂತೆಯಿರಲಿಲ್ಲ.)

ಇಲ್ಲಿ ಕೇಳಬೇಕಾದ ಪ್ರಶ್ನೆಯೊಂದು ಉಳಿದುಹೋಗುತ್ತದೆ. ಭೋಗವನ್ನು ಬಯಸುವುದು ಸರಿ. ಆದರೆ ಯಾವ ಭೋಗವನ್ನು? ಲೋಕದಲ್ಲಿ ಬಯಸಬಹುದಾದ ವಸ್ತುಗಳು ಅನಂತವಾಗಿರುವಾಗ ಒಬ್ಬನ ಮನಸ್ಸು ಇದನ್ನೇ ಏಕೆ ಹಿಡಿಯಿತು? ಹಸಿದವನಿಗೆ ಅನ್ನ ಬೇಕು, ಬಾಯಾರಿದವನಿಗೆ ನೀರು ಬೇಕು. ಇವು ದೇಹವು ತಾನೇ ಹೇಳುವ ಮಾತುಗಳು. ಇವುಗಳಾಚೆ ನಾವು ಬಯಸುವುದರಲ್ಲಿ ಎಷ್ಟು ಪಾಲು ನಮ್ಮದು, ಎಷ್ಟು ಪಾಲು ಪಕ್ಕದವನನ್ನು ನೋಡಿ ಕಲಿತದ್ದು? ನಮ್ಮ ಪುರಾಣಕಾರರು ಈ ಪ್ರಶ್ನೆಯನ್ನು ಸೂತ್ರರೂಪದಲ್ಲಿ ಎತ್ತಲಿಲ್ಲ. ಕಥೆಯ ರೂಪದಲ್ಲಿ ಎತ್ತಿದರು.

ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಬರುವ ವಿಶ್ವನಂದಿಯ ವೃತ್ತಾಂತವನ್ನು ಹಲವರು ಬಲ್ಲರು. ವರ್ಧಮಾನ ತೀರ್ಥಂಕರರ ಪೂರ್ವಭವಗಳಲ್ಲಿ ಇದೂ ಒಂದು. ರಾಜಗೃಹದ ಅರಸನಾದ ವಿಶ್ವಭೂತಿಯು ವೈರಾಗ್ಯ ತಳೆದು, ರಾಜ್ಯವನ್ನು ತಮ್ಮನಾದ ವಿಶಾಖಭೂತಿಗೂ ಯುವರಾಜಪದವಿಯನ್ನು ಮಗನಾದ ವಿಶ್ವನಂದಿಗೂ ಕೊಟ್ಟು ದೀಕ್ಷೆ ಪಡೆಯುತ್ತಾನೆ. ವಿಶ್ವನಂದಿಗೆ ಒಂದು ಮನೋಹರವಾದ ಉದ್ಯಾನವಿತ್ತು. ವಿಶಾಖಭೂತಿಯ ಮಗನಾದ ವಿಶಾಖನಂದಿಯು ಒಂದು ದಿನ ಅದನ್ನು ಕಂಡು, ಅದು ತನಗೆ ಬೇಕೆಂದು ತಂದೆಯನ್ನು ಪೀಡಿಸುತ್ತಾನೆ. ಅರಸನ ಮಗನಿಗೆ ತೋಟಗಳಿಗೆ ಬರವೆ? ಅಂತಹ ಇನ್ನೊಂದನ್ನು ಮಾಡಿಸಿಕೊಳ್ಳುವುದು ಅವನಿಗೆ ಕಷ್ಟವಾಗುತ್ತಿರಲಿಲ್ಲ. ಆದರೆ ಅವನಿಗೆ ಬೇಕಾದದ್ದು ದಾಯಾದಿಯಾದ ವಿಶ್ವನಂದಿಯು ವಿಹರಿಸುತ್ತಿದ್ದ ತೋಟ. ಗಡಿಯಲ್ಲಿ ಶತ್ರುಗಳ ಹಾವಳಿಯೆಂಬ ನೆಪವನ್ನು ಮುಂದುಮಾಡಿ ಅರಸನು ವಿಶ್ವನಂದಿಯನ್ನು ದೂರ ಕಳುಹಿಸಿ ತೋಟವನ್ನು ಮಗನಿಗೆ ಕೊಟ್ಟುಬಿಡುತ್ತಾನೆ.

ಸುದ್ದಿ ತಿಳಿದು ವಿಶ್ವನಂದಿ ಮರಳುತ್ತಾನೆ. ಹೆದರಿದ ವಿಶಾಖನಂದಿ ಬೇಲದ ಮರವನ್ನು ಆಶ್ರಯಿಸುತ್ತಾನೆ. ಇವನು ಆ ಮರವನ್ನೇ ಕೀಳುತ್ತಾನೆ. ಅವನು ಕಲ್ಲಿನ ಕಂಬದ ಮರೆಗೆ ಓಡುತ್ತಾನೆ. ಇವನು ಕಂಬವನ್ನು ಅಂಗೈಯಿಂದ ಹೊಡೆದು ಮುರಿಯುತ್ತಾನೆ. ಪ್ರಾಣಭಯದಿಂದ ಓಡುತ್ತಿರುವ ತಮ್ಮನನ್ನು ಕಂಡು ವಿಶ್ವನಂದಿಗೆ ಕನಿಕರ ಹುಟ್ಟುತ್ತದೆ, ಜುಗುಪ್ಸೆಯೂ ಹುಟ್ಟುತ್ತದೆ. ತೋಟವನ್ನು ಅವನಿಗೇ ಬಿಟ್ಟು ಸಂಭೂತಮುನಿಗಳ ಬಳಿ ದೀಕ್ಷೆ ಪಡೆಯುತ್ತಾನೆ.

ಕಥೆ ಇಲ್ಲಿಗೇ ಮುಗಿದಿದ್ದರೆ ತ್ಯಾಗದ ಪಾಠಕ್ಕೆ ಸಾಕಿತ್ತು. ಪುರಾಣಕಾರರು ಮುಗಿಸಲಿಲ್ಲ. ಘೋರತಪಸ್ಸಿನಿಂದ ಎಲುಬುಗೂಡಾದ ವಿಶ್ವನಂದಿಮುನಿ ಒಂದು ದಿನ ಆಹಾರಕ್ಕಾಗಿ ಮಥುರೆಯ ಬೀದಿಯಲ್ಲಿ ಬರುತ್ತಿರುವಾಗ, ಈದ ಹಸುವೊಂದು ಹಾಯ್ದು ಅವರನ್ನು ಕೆಡವುತ್ತದೆ. ರಾಜ್ಯಭ್ರಷ್ಟನಾಗಿ ಆ ಊರಿಗೆ ಬಂದಿದ್ದ ವಿಶಾಖನಂದಿ ವೇಶ್ಯೆಯೊಬ್ಬಳ ಮಾಳಿಗೆಯಿಂದ ಅದನ್ನು ನೋಡಿ, ಕಲ್ಲುಕಂಬ ಮುರಿದ ಆ ಬಲ ಈಗ ಎಲ್ಲಿ ಹೋಯಿತೆಂದು ನಗುತ್ತಾನೆ. ಅಷ್ಟೇ. ವರ್ಷಗಳ ತಪಸ್ಸಿನ ಒಳಗೆ ಉಳಿದಿದ್ದ ಮೊನೆ ಕದಲಿತು. ಈ ತಪಸ್ಸಿಗೆ ಫಲವಿದ್ದರೆ ಇವನನ್ನು ಕೊಲ್ಲುವ ಬಲ ತನಗೆ ಬರಲಿ ಎಂದು ಮುನಿ ನಿದಾನ ಮಾಡಿಕೊಂಡರು. ಸ್ವರ್ಗವನ್ನು ಮುಟ್ಟಿ ಬಂದು ಅವರು ತ್ರಿಪೃಷ್ಠನೆಂಬ ಮೊದಲ ವಾಸುದೇವರಾದರು. ವಿಶಾಖನಂದಿ ಅಶ್ವಗ್ರೀವನೆಂಬ ಪ್ರತಿವಾಸುದೇವನಾದ. ಆ ಭವದಲ್ಲಿಯೂ ಜಗಳ ಮೊಳೆತದ್ದು ಒಂದೇ ವಸ್ತುವಿಗೆ ಎರಡು ಕೈ ಚಾಚಿದಾಗ: ವಿದ್ಯಾಧರ ರಾಜಪುತ್ರಿ ಸ್ವಯಂಪ್ರಭೆ ತ್ರಿಪೃಷ್ಠನಿಗೆ ಸಂದಳೆಂದು ಅಶ್ವಗ್ರೀವನು ದಂಡೆತ್ತಿ ಬಂದ. ಯುದ್ಧದಲ್ಲಿ ಅವನು ಸತ್ತ. ಗೆದ್ದ ತ್ರಿಪೃಷ್ಠನು ಕಾಲಾಂತರದಲ್ಲಿ ಏಳನೆಯ ನರಕಕ್ಕೆ ಇಳಿದ.

ಈ ಕಥೆಯಲ್ಲಿ ನಾನು ವಾಚಕರ ಗಮನವನ್ನು ಸೆಳೆಯಬಯಸುವುದು ಮಥುರೆಯ ಬೀದಿಯಲ್ಲಿ ನಡೆದ ಸಂಗತಿಯ ಕಡೆಗೆ. ಆ ಹೊತ್ತಿಗೆ ತೋಟ ಯಾರಿಗೂ ಬೇಕಿರಲಿಲ್ಲ. ಒಬ್ಬರು ಅದನ್ನು ತ್ಯಜಿಸಿದ್ದರು, ಇನ್ನೊಬ್ಬನು ರಾಜ್ಯದೊಡನೆ ಅದನ್ನೂ ಕಳೆದುಕೊಂಡಿದ್ದ. ವಸ್ತು ಮಾಯವಾದ ಮೇಲೂ ವೈರ ಉಳಿದಿತ್ತು. ವಸ್ತುವಿಲ್ಲದ ವೈರವಾದ್ದರಿಂದಲೇ ಅದಕ್ಕೆ ಮಿತಿಯಿರಲಿಲ್ಲ. ತೋಟವನ್ನು ಬಿಡುವುದು ವಿಶ್ವನಂದಿಗೆ ಸಾಧ್ಯವಾಯಿತು, ತಮ್ಮನನ್ನು ಬಿಡುವುದು ಸಾಧ್ಯವಾಗಲಿಲ್ಲ. ಪರಿಗ್ರಹತ್ಯಾಗವೆಂದರೆ ವಸ್ತುಗಳ ಪಟ್ಟಿಯನ್ನು ಕಿರಿದು ಮಾಡುವುದೆಂದು ತಿಳಿದಿರುವವರು ಈ ಬೀದಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಫ್ರಾನ್ಸ್ ದೇಶದ ಅವಿನ್ಯೋನ್ ನಗರದಲ್ಲಿ 1923ರಲ್ಲಿ ಹುಟ್ಟಿ, ಬಹುಕಾಲ ಅಮೆರಿಕೆಯ ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪಕರಾಗಿದ್ದು 2015ರಲ್ಲಿ ತೀರಿಕೊಂಡ ರೆನೆ ಜಿರಾರ್ ಎಂಬ ವಿದ್ವಾಂಸರು ಇದನ್ನೇ ತಮ್ಮ ಜೀವಮಾನದ ಶೋಧವಾಗಿ ಮಾಡಿಕೊಂಡಿದ್ದರು. 1961ರಲ್ಲಿ ಪ್ರಕಟವಾದ ಅವರ ಮೊದಲ ಗ್ರಂಥದ ವಿಷಯ ಯೂರೋಪಿನ ಕಾದಂಬರಿಗಳು. ಸರ್ವಾಂಟಿಸ್, ಸ್ತೆಂಧಾಲ್, ದಸ್ತಯೇವ್‌ಸ್ಕಿ ಮೊದಲಾದವರ ಪಾತ್ರಗಳನ್ನು ಪರಿಶೀಲಿಸಿ ಅವರು ಕಂಡದ್ದು ಇಷ್ಟು: ಮನುಷ್ಯನು ತಾನಾಗಿ ಬಯಸುವುದಿಲ್ಲ, ಇನ್ನೊಬ್ಬನು ಬಯಸಿದ್ದನ್ನು ನೋಡಿ ಬಯಸುತ್ತಾನೆ. ಆ ಇನ್ನೊಬ್ಬನು ಕಾಲದಲ್ಲಿಯೋ ಸ್ಥಾನದಲ್ಲಿಯೋ ಬಹು ದೂರದವನಾದರೆ ಅಪಾಯವಿಲ್ಲ. ಪಕ್ಕದ ಮನೆಯವನಾದರೆ, ಒಡಹುಟ್ಟಿದವನಾದರೆ, ಆದರ್ಶನಾದವನೇ ಅಡ್ಡಿಯಾಗಿ ನಿಲ್ಲುತ್ತಾನೆ. ಇಬ್ಬರ ಕೈಯೂ ಒಂದೇ ವಸ್ತುವಿನ ಮೇಲಿರುತ್ತದೆ. ಇಬ್ಬರೂ ತಾವೇ ಮೊದಲು ಬಯಸಿದವರೆಂದು ಶಪಥ ಮಾಡುತ್ತಾರೆ. ಹೊರಗಿನಿಂದ ನೋಡುವವರಿಗೆ ಇಬ್ಬರಲ್ಲಿ ವ್ಯತ್ಯಾಸವೇ ಕಾಣದು.

ಈ ಮಾತಿಗೆ ಪ್ರಮಾಣ ಬೇಕಾದರೆ ಯಾವುದೇ ಪ್ರಾಥಮಿಕ ಶಾಲೆಯ ಮೊದಲನೆಯ ತರಗತಿಗೆ ಹೋದರೆ ಸಾಕು. ಮೂಲೆಯಲ್ಲಿ ಮೂರು ದಿನ ಬಿದ್ದಿದ್ದ ಬಣ್ಣದ ಬಳಪವನ್ನು ಒಂದು ಮಗು ಕೈಗೆತ್ತಿಕೊಂಡ ಗಳಿಗೆಯಲ್ಲಿಯೇ ಮತ್ತೊಂದಕ್ಕೆ ಅದು ಪ್ರಾಣಕ್ಕಿಂತ ಮಿಗಿಲಾಗುತ್ತದೆ. ಜಗಳ ಹತ್ತಿ ಬಳಪ ಮುರಿಯುತ್ತದೆ. ಯಾರು ಮುರಿದರೆಂದು ಉಪಾಧ್ಯಾಯರು ಕೇಳಿದರೆ, ಅಷ್ಟು ಹೊತ್ತು ಒಬ್ಬರ ಜುಟ್ಟನ್ನು ಒಬ್ಬರು ಹಿಡಿದಿದ್ದ ಇಬ್ಬರೂ ಒಟ್ಟಾಗಿ ಹಿಂದಿನ ಸಾಲಿನ ಬಡಕಲು ಹುಡುಗನೊಬ್ಬನ ಕಡೆಗೆ ಬೆರಳು ತೋರಿಸುತ್ತಾರೆ. ತರಗತಿಯೆಲ್ಲ ಹೌದು ಹೌದೆನ್ನುತ್ತದೆ. ಅವನು ಹೊಸದಾಗಿ ಸೇರಿದವನೋ, ತೊದಲುವವನೋ, ತಾಯಿಯಿಲ್ಲದವನೋ ಆಗಿರುತ್ತಾನೆ. ಮೂವತ್ತಕ್ಕೂ ಹೆಚ್ಚು ವರ್ಷ ಈ ನಾಟಕವನ್ನು ನೋಡಿದ್ದೇನೆ. ಬೆರಳು ತೋರಿಸಿದ ಇಬ್ಬರು ಆ ಸಂಜೆಯೇ ಹೆಗಲ ಮೇಲೆ ಕೈಹಾಕಿಕೊಂಡು ಮನೆಗೆ ಹೋಗುತ್ತಾರೆ. ಅವರ ಸ್ನೇಹ ಸುಳ್ಳಲ್ಲ. ಮೂರನೆಯವನು ಅದಕ್ಕೆ ಬೆಲೆ ತೆತ್ತಿರುತ್ತಾನೆ.

ಜಿರಾರ್ ಅವರು 1972 ಮತ್ತು 1982ರ ಗ್ರಂಥಗಳಲ್ಲಿ ವಿಸ್ತರಿಸಿದ್ದು ಇದನ್ನೇ. ಸ್ಪರ್ಧೆ ಊರಿಗೆಲ್ಲ ಅಂಟಿದಾಗ, ಎಲ್ಲರೂ ಎಲ್ಲರಿಗೂ ವೈರಿಗಳಾದಾಗ, ಸಮಾಜವು ತನಗರಿವಿಲ್ಲದೆಯೇ ಒಬ್ಬನನ್ನು ಆರಿಸಿ ಎಲ್ಲ ದೋಷವನ್ನೂ ಅವನ ಮೇಲೆ ಹೊರಿಸಿ ಒಂದಾಗುತ್ತದೆ. ಇಂಥವನನ್ನು ನಾವು ಬಲಿಪಶುವೆನ್ನುತ್ತೇವೆ. ಪಾಶ್ಚಾತ್ಯರು ಬಳಸುವ ಶಬ್ದವು ಯೆಹೂದ್ಯರ ಹಳೆಯ ವಿಧಿಯೊಂದರಿಂದ ಬಂದದ್ದು. ವರ್ಷಕ್ಕೊಂದು ದಿನ ಮಹಾಯಾಜಕನು ಒಂದು ಹೋತದ ತಲೆಯ ಮೇಲೆ ಕೈಯಿಟ್ಟು ಜನರ ಪಾಪಗಳನ್ನೆಲ್ಲ ಅರಿಕೆಮಾಡಿ, ಅದನ್ನು ಅಡವಿಗೆ ಅಟ್ಟಿಸುತ್ತಿದ್ದನು. ಆ ದಿನ ಉಪವಾಸದ ದಿನವೂ ಆಗಿತ್ತು. ಪಶುವಿಗೆ ಆದ ಹಿಂಸೆಯನ್ನು ನಾವು ಒಪ್ಪಲಾರೆವು. ಆದರೆ ಆ ಪಾಪ ತಮ್ಮದೆಂಬುದನ್ನು ಆ ಜನ ಮರೆತಿರಲಿಲ್ಲವೆಂಬುದನ್ನು ಒಪ್ಪಬೇಕು. ಜೆರೂಸಲೇಮಿನ ದೇವಾಲಯವು ಕ್ರಿ.ಶ. 70ರಲ್ಲಿ ನಾಶವಾದ ಮೇಲೆ ಹೋತ ಹೋಯಿತು. ಉಪವಾಸವೂ ಪಾಪನಿವೇದನೆಯೂ ಇಂದಿಗೂ ಉಳಿದಿವೆ. ಜನ್ನಕವಿ 1209ರಲ್ಲಿ ಬರೆದ ಯಶೋಧರಚರಿತೆಯನ್ನು ಓದಿದವರಿಗೆ ಇದರ ಇನ್ನೊಂದು ಮುಖ ಗೊತ್ತು. ಅಂತಃಪುರದ ದ್ರೋಹದಿಂದ ಬೆಂದ ಅರಸನ ಕತ್ತಿ ಕಡೆಗೆ ಎರಗಿದ್ದು ಹಿಟ್ಟಿನ ಕೋಳಿಯೊಂದರ ಮೇಲೆ. ಆ ಕೋಳಿ ಮಾಡಿದ ಅಪರಾಧವೇನು? ಹಿಟ್ಟಿನದಾದರೂ ಸಂಕಲ್ಪಹಿಂಸೆ ಭವಭವಗಳಲ್ಲಿ ಅವನನ್ನು ಬಿಡಲಿಲ್ಲ.

ಕಥೆ ಪುರಾಣಗಳು ಸಾಲವೆನ್ನುವವರಿಗಾಗಿ, ದಾಖಲೆಗಳಿರುವ ಒಂದು ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಇದರಲ್ಲಿ ಉಪವಾಸದ ಪಾತ್ರವೂ ಇರುವುದರಿಂದ ಈ ಪತ್ರಿಕೆಯ ವಾಚಕರಿಗೆ ಇದು ಅಪ್ರಕೃತವೆನಿಸಲಾರದು.

ಅಮೆರಿಕೆಯ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ಸೇಲಂ ಎಂಬ ಬಂದರು ಪಟ್ಟಣವೂ, ಅದಕ್ಕೆ ಸೇರಿದ ಸೇಲಂ ಹಳ್ಳಿಯೂ ಇದ್ದವು. ಪಟ್ಟಣ ವ್ಯಾಪಾರದಿಂದ ಬೆಳೆಯುತ್ತಿತ್ತು, ಹಳ್ಳಿಯವರು ಒಕ್ಕಲುಮಕ್ಕಳು. ಹಳ್ಳಿಯಲ್ಲಿ ಪಟ್ನಮ್ ಮನೆತನದ್ದು ದೊಡ್ಡ ಹೆಸರು. ಪಟ್ಟಣದ ವ್ಯವಹಾರದಿಂದ ಮೇಲೇರುತ್ತಿದ್ದ ಪೋರ್ಟರ್ ಮನೆತನದೊಡನೆ ಅವರಿಗೆ ಸರಿಬೀಳುತ್ತಿರಲಿಲ್ಲ. ಹಿರಿಯ ಥಾಮಸ್ ಪಟ್ನಮ್ 1686ರಲ್ಲಿ ತೀರಿಕೊಂಡಾಗ ಆಸ್ತಿಯ ಮುಖ್ಯಭಾಗ ಎರಡನೆಯ ಹೆಂಡತಿಗೂ ಆಕೆಯ ಮಗನಾದ ಜೋಸೆಫನಿಗೂ ಸೇರಿತು. ಮೊದಲ ಹೆಂಡತಿಯ ಮಗ ಕಿರಿಯ ಥಾಮಸನು ಕುದಿದನು. ಸಾಲದುದಕ್ಕೆ ಜೋಸೆಫನು 1690ರಲ್ಲಿ ಪೋರ್ಟರರ ಮನೆಯ ಹೆಣ್ಣನ್ನೇ ಮದುವೆಯಾದ. ಹಳ್ಳಿಯ ಪಾದ್ರಿಯಾದ ಸ್ಯಾಮ್ಯುಯೆಲ್ ಪ್ಯಾರಿಸರೂ ಹಿಂದೆ ವ್ಯಾಪಾರದಲ್ಲಿ ಏಳಿಗೆ ಕಾಣದೆ ಬಂದವರು. ಅವರ ಸಂಬಳ, ಸೌದೆ, ಮನೆಯ ಒಡೆತನ ಇವುಗಳ ವಿಷಯದಲ್ಲಿ ಊರು ಎರಡಾಯಿತು. 1691ರ ಅಕ್ಟೋಬರಿನಲ್ಲಿ ಅವರ ವಿರೋಧಿಗಳ ಸಮಿತಿಯೊಂದು ಆಯ್ಕೆಯಾಗಿ ಸಂಬಳದ ತೆರಿಗೆಯನ್ನು ಎತ್ತಲು ನಿರಾಕರಿಸಿತು. ಜೋಸೆಫ್ ಪಟ್ನಮ್ ಆ ಸಮಿತಿಯಲ್ಲಿದ್ದನು. ಫ್ರಾನ್ಸಿಸ್ ನರ್ಸ್ ಎಂಬವನೂ ಇದ್ದನು. ಈತ ಮರದ ತಟ್ಟೆಗಳನ್ನು ಮಾಡುವ ಕಸುಬಿನಿಂದ ಮೇಲೆ ಬಂದು 1678ರಲ್ಲಿ ಸುಮಾರು 300 ಎಕರೆ ಜಮೀನನ್ನು ಹಿಡಿದವನು. ನೆರೆಯವರ ಕಣ್ಣಿಗೆ ಇದು ಹೇಗೆ ಕಂಡಿರಬೇಕೆಂಬುದನ್ನು ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ವಿವರಿಸಬೇಕಿಲ್ಲ.

1692ರ ಆರಂಭದಲ್ಲಿ ಪ್ಯಾರಿಸರ ಮನೆಯ ಇಬ್ಬರು ಹುಡುಗಿಯರಿಗೆ ಮೈದುಂಬಿದಂತೆ ವಿಕಾರಗಳು ಕಾಣಿಸಿದವು. ಬೇಗನೆ ಥಾಮಸ್ ಪಟ್ನಮನ ಮಗಳು ಆ್ಯನಳಿಗೂ ಹಬ್ಬಿದವು. ಮಾಟವಾಗಿದೆಯೆಂಬ ನಿರ್ಣಯವಾಯಿತು. ಮೊದಲು ಹೆಸರು ಬಂದದ್ದು ಮೂವರು ಹೆಂಗಸರದು: ಟಿಟ್ಯೂಬಾ ಎಂಬ ದಾಸಿ, ಸಾರಾ ಗುಡ್ ಎಂಬ ಬೇಡಿ ತಿನ್ನುವವಳು, ಹಾಸಿಗೆ ಹಿಡಿದಿದ್ದ ಸಾರಾ ಆಸ್ಬರ್ನ್. ಸಾರಾ ಗುಡ್‌ಳ ನಾಲ್ಕೈದು ವರ್ಷದ ಮಗಳನ್ನೂ ಬಿಡದೆ ಸೆರೆಯಲ್ಲಿ ಸಂಕೋಲೆಯಿಟ್ಟರು. ಬಳಿಕ ಬೆರಳು ಫ್ರಾನ್ಸಿಸನ ಹೆಂಡತಿ, ಸುಮಾರು 70 ವರ್ಷದ ರೆಬೆಕಾ ನರ್ಸ್ ಕಡೆಗೆ ತಿರುಗಿತು. ಜೂರಿಗಳು ಮೊದಲು ಆಕೆ ನಿರಪರಾಧಿಯೆಂದರು; ಕೂಗಾಟವೆದ್ದ ಮೇಲೆ ಮರುವಿಚಾರ ಮಾಡಿ ಅಪರಾಧಿಯೆಂದರು. ಜುಲೈ 19ರಂದು ಆಕೆಯನ್ನು ನೇಣಿಗೇರಿಸಿದರು. ಒಟ್ಟು 19 ಮಂದಿ ನೇಣಿಗೆ ಸಂದರು. ಮುದುಕನೊಬ್ಬನನ್ನು ಕಲ್ಲು ಹೇರಿ ಕೊಂದರು. ಸೆರೆಯಲ್ಲಿ ಸತ್ತವರು ಬೇರೆ. ಜೋಸೆಫ್ ಪಟ್ನಮನ ಮೇಲೆ ಮೊಕದ್ದಮೆಯೇ ನಡೆಯಲಿಲ್ಲ. ಥಾಮಸನ ಮನೆಯ ಉರಿಗೆ ನಿಜವಾದ ಕಾರಣ ಎಲ್ಲಿತ್ತೋ ಅಲ್ಲಿಗೆ ಬೆರಳು ಹೋಗಲಿಲ್ಲ. ಅಲ್ಲಿಗೆ ಹೋಗಿದ್ದರೆ ಜಗಳ ತಮ್ಮದೇ ಎಂದು ಒಪ್ಪಬೇಕಾಗುತ್ತಿತ್ತು. ಪಾಲ್ ಬಾಯರ್ ಮತ್ತು ಸ್ಟೀಫನ್ ನಿಸೆನ್‌ಬಾಮ್ ಎಂಬ ಇತಿಹಾಸಕಾರರು 1974ರಲ್ಲಿ ಈ ಮನೆತನಗಳ ವೈರವನ್ನು ಮುಂದಿಟ್ಟು ಪ್ರಸಂಗವನ್ನು ವಿವರಿಸಿದರು. ಅವರು ಬಿಡಿಸಿದ ಊರಿನ ನಕ್ಷೆಯನ್ನು ಮುಂದಿನವರು ಪ್ರಶ್ನಿಸಿದ್ದಾರೆ; ವೈರವಿತ್ತೆಂಬುದಕ್ಕೆ ದಾಖಲೆಗಳೇ ಸಾಕ್ಷಿ.

ಆ ವಿಚಾರಣೆಯ ಒಂದು ನಿಯಮವನ್ನು ಸತ್ಯಾಣುವ್ರತ ಹಿಡಿದವರು ಗಮನಿಸಬೇಕು. ಮಾಟ ಮಾಡಿದ್ದು ನಿಜವೆಂದು ಸುಳ್ಳು ಒಪ್ಪಿಕೊಂಡು ಇನ್ನಷ್ಟು ಹೆಸರುಗಳನ್ನು ಹೇಳಿದವರು ಬದುಕಿದರು. ಹಾಗೆ ಹೇಳಲಾರೆನೆಂದವರು ಸತ್ತರು. ರೆಬೆಕಾಳಿಗೆ ಒಂದು ಸುಳ್ಳು ಸಾಕಾಗಿತ್ತು.

ಇನ್ನು ಉಪವಾಸದ ಮಾತು. 1692ರ ಮಾರ್ಚಿಯಲ್ಲಿ ಪ್ಯಾರಿಸರು ನೆರೆಯ ಪಾದ್ರಿಗಳನ್ನು ಕರೆಸಿ ಮನೆಯಲ್ಲಿ ಉಪವಾಸ, ಪ್ರಾರ್ಥನೆಗಳನ್ನು ನಡೆಸಿದರು. ಅವರ ಶ್ರದ್ಧೆಯನ್ನು ನಾನು ಶಂಕಿಸುವುದಿಲ್ಲ. ಹೊಟ್ಟೆ ನಿಜವಾಗಿಯೂ ಹಸಿದಿತ್ತು. ಆದರೆ ಆ ಉಪವಾಸ ಕೇಳಿದ್ದು ಊರಿನಲ್ಲಿ ದೋಷಿ ಯಾರೆಂದು. ಉತ್ತರ ತಡವಾಗಲಿಲ್ಲ. ಅದೇ ಪ್ರಾಂತದ ಸರ್ಕಾರ 1697ರ ಜನವರಿ 14ನ್ನು ನಾಡಿಗೆಲ್ಲ ಉಪವಾಸದ ದಿನವೆಂದು ಸಾರಿತು. ಅಂದು ಬೋಸ್ಟನ್ನಿನ ಆರಾಧನಾಮಂದಿರದಲ್ಲಿ, ಮರಣದಂಡನೆ ವಿಧಿಸಿದ ನ್ಯಾಯಾಧೀಶರಲ್ಲಿ ಒಬ್ಬರಾದ ಸ್ಯಾಮ್ಯುಯೆಲ್ ಸ್ಯೂವಾಲರು ತಮ್ಮ ಸ್ಥಾನದಲ್ಲಿ ಎದ್ದು ನಿಂತರು. ಅವರು ಬರೆದುಕೊಟ್ಟಿದ್ದ ಚೀಟಿಯನ್ನು ಪಾದ್ರಿ ಸಭೆಯ ಮುಂದೆ ಓದಿದರು. ಆ ಪಾಪದ ನಿಂದೆಯನ್ನೂ ಲಜ್ಜೆಯನ್ನೂ ತಾನು ಹೊರುವೆನೆಂಬುದು ಅದರ ತಾತ್ಪರ್ಯ. ಜೂರಿಗಳಲ್ಲಿ 12 ಮಂದಿ ಕ್ಷಮೆ ಕೇಳಿ ಸಹಿ ಮಾಡಿದರು. ಮುಖ್ಯ ನ್ಯಾಯಾಧೀಶನಾಗಿದ್ದ ಸ್ಟೌಟನ್ ಮಾತ್ರ ಕಡೆಯವರೆಗೂ ಕ್ಷಮೆ ಕೇಳಲಿಲ್ಲ. ಆ್ಯನ್ ಪಟ್ನಮ್ 1706ರಲ್ಲಿ, ಬೆಳೆದ ಹೆಣ್ಣಾಗಿ, ಅದೇ ಹಳ್ಳಿಯ ಸಭೆಯಲ್ಲಿ ನಿಂತು ತನ್ನ ತಪ್ಪೊಪ್ಪಿಗೆಯನ್ನು ಓದಿಸಿಕೊಂಡಳು. ರೆಬೆಕಾಳ ಬಂಧುಗಳೂ ಆ ಊರಿನವರೇ.

ಶಿಕ್ಷೆಗೊಳಗಾದವರ ಹೆಸರುಗಳನ್ನು ದೋಷಮುಕ್ತಗೊಳಿಸುವ ಕೆಲಸ ಕಂತುಕಂತಾಗಿ ಮೂರು ಶತಮಾನ ಎಳೆಯಿತು. ಕಡೆಗೆ ಉಳಿದಿದ್ದವಳು ಎಲಿಜಬೆತ್ ಜಾನ್ಸನ್. ನೇಣಿನಿಂದ ಪಾರಾದರೂ ಕಳಂಕದಿಂದ ಪಾರಾಗಿರಲಿಲ್ಲ. ಆಕೆಗೆ ಮಕ್ಕಳಿರಲಿಲ್ಲವಾಗಿ ಕೇಳುವ ವಂಶಸ್ಥರಿರಲಿಲ್ಲ. ಎಂಟನೆಯ ತರಗತಿಯ ಮಕ್ಕಳು, ತಮ್ಮ ಉಪಾಧ್ಯಾಯಿನಿಯ ಪ್ರೇರಣೆಯಿಂದ, ದಾಖಲೆಗಳನ್ನು ಹುಡುಕಿ ಶಾಸನಸಭೆಗೆ ಬರೆದು, 2022ರಲ್ಲಿ ಆಕೆಯ ಹೆಸರನ್ನು ಬಿಡಿಸಿದರು. ಉಪಾಧ್ಯಾಯವೃತ್ತಿಯಲ್ಲಿದ್ದವನಿಗೆ ಇದನ್ನು ಓದಿ ಆದ ಸಂತೋಷವನ್ನು ಮುಚ್ಚಿಡಲಾರೆ.

ಜಿರಾರ್ ಅವರ ಸಿದ್ಧಾಂತವನ್ನು ಸಮಗ್ರವಾಗಿ ಒಪ್ಪಬೇಕಾಗಿಲ್ಲ. ಎಲ್ಲ ಬಯಕೆಯೂ ಎರವಲೆಂಬುದು ಅತಿವ್ಯಾಪ್ತಿ. ಅನುಕರಣೆಯೇ ದೋಷವೆಂದರಂತೂ ನಮ್ಮ ಜಿನದರ್ಶನಕ್ಕೆ ಅರ್ಥವುಳಿಯದು; ಜಿನನ ಗುಣಗಳು ತನಗೂ ಬರಲೆಂದೇ ಶ್ರಾವಕನು ವಂದಿಸುತ್ತಾನೆ. ಒಂದು ಭೇದವನ್ನು ಮಾತ್ರ ಹೇಳಬಹುದು. ಜಿನನು ಬಯಸಿ ಹಿಡಿದ ವಸ್ತು ಯಾವುದೂ ಇಲ್ಲವಾದ್ದರಿಂದ, ಅವನನ್ನು ಅನುಕರಿಸುವವನು ಅವನ ಕೈಯಿಂದ ಏನನ್ನೂ ಕಸಿಯಬೇಕಾಗಿಲ್ಲ. ಕ್ಷಮೆಯನ್ನು ಇಬ್ಬರು ಒಟ್ಟಿಗೆ ಬಯಸಿದರೆ ಯಾರಿಗೂ ಕಡಿಮೆ ಬೀಳದು. ಪ್ರಥಮ ಕಲಶವನ್ನು ಬಯಸಿದರೆ ಬೀಳುತ್ತದೆ.

ಕಲಶದ ಮಾತು ಬಂತಾಗಿ ಹೇಳುತ್ತೇನೆ. ಅಭಿಷೇಕದ ಮೊದಲ ಕಲಶಕ್ಕೆ ಸವಾಲು ಕೂಗುವಾಗ ಮೊತ್ತ ಏರುವ ಬಗೆಯನ್ನು ಯಾರಾದರೂ ದೂರ ನಿಂತು ನೋಡಲಿ. ಹಾಲಿನ ಬೆಲೆಯಾಗಲಿ ಕೊಡದ ಬೆಲೆಯಾಗಲಿ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಎದುರಿನವನ ಕೂಗು ಬರುತ್ತದೆ. ಬಸದಿಯ ಜೀರ್ಣೋದ್ಧಾರಕ್ಕೆ ಹಣ ಬೇಕೆಂಬುದು ನಿಜ. ಅದಕ್ಕಾಗಿ ದಾಯಾದಿಗಳ ಮತ್ಸರವನ್ನೇ ದುಡಿಸಿಕೊಳ್ಳುವುದು ಸರಿಯೇ ಎಂಬುದನ್ನು ಹಿರಿಯರು ವಿಚಾರಿಸಬೇಕು. ದಶಲಕ್ಷಣದಲ್ಲಿ ಒಬ್ಬಳು ಐದು ಉಪವಾಸ ಮಾಡಿದಳೆಂದು ಇನ್ನೊಬ್ಬಳು ಎಂಟಕ್ಕೆ ಕುಳಿತುಕೊಳ್ಳುವುದು, ಒಬ್ಬರ ಉದ್ಯಾಪನೆಯಲ್ಲಿ ತಾಮ್ರದ ಪಾತ್ರೆ ಹಂಚಿದರೆಂದು ಇನ್ನೊಬ್ಬರು ಬೆಳ್ಳಿಯದನ್ನು ಹಂಚುವುದು, ಪಾರಣೆಯ ಚಿತ್ರಗಳನ್ನು ಮೊಬೈಲಿನಲ್ಲಿ ಊರೂರಿಗೆ ಕಳುಹಿಸುವುದು, ಇವೆಲ್ಲ ಸಣ್ಣ ದೋಷಗಳಾಗಿ ಕಾಣಬಹುದು. ಸಣ್ಣವೇ ಇರಲಿ. ನನಗೆ ಭಯವಿರುವುದು ಇವುಗಳ ಹಿಂದೆ ಬರುವ ಬೆರಳಿನ ವಿಷಯದಲ್ಲಿ.

ಊರಿಗೆ ಮುನಿಗಳು ಬಂದಿರುತ್ತಾರೆ. ನಾಲ್ಕು ಮನೆಯವರು ಬಾಗಿಲಲ್ಲಿ ಕಲಶ ಹಿಡಿದು ಪ್ರತಿಗ್ರಹಣಕ್ಕೆ ನಿಂತಿರುತ್ತಾರೆ. ಒಂದು ಮನೆಗೆ ಆ ಭಾಗ್ಯ ಲಭಿಸುತ್ತದೆ. ಉಳಿದ ಮೂರರ ಕಣ್ಣು ಆ ಮನೆಯ ಮೇಲಿರುತ್ತದೆ. ಎರಡನೆಯ ತುತ್ತಿನಲ್ಲಿ ಕೂದಲು ಕಾಣಿಸಿ ಅಂತರಾಯವಾಗುತ್ತದೆ. ಮುನಿಗಳು ಅಂಜಲಿಯನ್ನು ಬಿಟ್ಟು, ಯಾರನ್ನೂ ನೋಡದೆ, ತಮ್ಮ ಕರ್ಮದ ಉದಯವೆಂದು ಬಗೆದು ಬಸದಿಗೆ ಮರಳುತ್ತಾರೆ. ಅಡುಗೆಮನೆಯಲ್ಲಿ ಆಮೇಲೆ ವಿಚಾರಣೆ ಆರಂಭವಾಗುತ್ತದೆ. ಅನ್ನ ಬಸಿದವರಾರು, ತೊವ್ವೆ ಬಡಿಸಿದವರಾರು? ಮನೆಯಲ್ಲಿ ಹತ್ತು ಜನ ಹೆಂಗಸರಿದ್ದರೂ ಕೂದಲು ಬಹುಮಟ್ಟಿಗೆ ಹೊಸದಾಗಿ ಬಂದ ಸೊಸೆಯದೋ, ತವರಿಗೆ ಮರಳಿದ ವಿಧವೆ ಮಗಳದೋ ಆಗಿಬಿಡುತ್ತದೆ. ಪಕ್ಕದ ಮನೆಯವರು ನಗುವರೆಂಬ ಚಿಂತೆ ಹೆಚ್ಚಿದಷ್ಟೂ ಮಾತು ಹರಿತವಾಗುತ್ತದೆ. ಇಲ್ಲದ ದೋಷವನ್ನು ಹೊರಿಸುವುದಕ್ಕೆ ನಮ್ಮ ಶಾಸ್ತ್ರಗಳು ಅಭ್ಯಾಖ್ಯಾನವೆಂಬ ಹೆಸರಿಟ್ಟಿವೆ. ಮುನಿಗಳು ಹಸಿದು ಕುಳಿತ ದಿನ ದಾತಾರರ ಮನೆಯಲ್ಲಿ ಅದೇ ನಡೆಯುತ್ತದೆ. ಆಕೆ ಆ ದಿನ ಊಟ ಮಾಡುವುದಿಲ್ಲ. ಅದನ್ನು ಯಾರೂ ಉಪವಾಸವೆಂದು ಎಣಿಸುವುದಿಲ್ಲ.

ನಾನು ಬಲ್ಲ ಒಂದು ಹಳ್ಳಿಯ ಮನೆಯಲ್ಲಿ ಬೇರೊಂದು ರೂಢಿಯಿತ್ತು. ಅಂತರಾಯವಾದ ಕೂಡಲೆ, ಮುನಿಗಳು ಅಂಗಳ ದಾಟುವ ಮುನ್ನವೇ, ಮನೆಯ ಹಿರಿಯಜ್ಜಿ ತಾನು ಆ ದಿನ ಆಹಾರತ್ಯಾಗ ಮಾಡಿರುವುದಾಗಿ ಎಲ್ಲರಿಗೂ ಕೇಳುವಂತೆ ಹೇಳಿಬಿಡುತ್ತಿದ್ದಳು. ಬಳಿಕ ಅಡುಗೆಮನೆಗೆ ಹೋಗಿ, ಆ ದಿನ ಅಡುಗೆ ಮಾಡಿದವಳನ್ನು ಮೊದಲು ಊಟಕ್ಕೆ ಕೂರಿಸಿ ತಾನೇ ಬಡಿಸುತ್ತಿದ್ದಳು.